ಗೌರಮ್ಮನ ಒಲೆ ಇಲ್ಲದ ನಕ್ಷೆ

೨೦೨೧ರ ಫೆಬ್ರವರಿ. ನಾನು ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ಮೂರನೆಯ ವರ್ಷ ನಡೆಯುತ್ತಿತ್ತು. ಕಡೂರಿನ ಒಂದು ಇಂಜಿನಿಯರಿಂಗ್ ಉಪವಿಭಾಗದಲ್ಲಿ ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಡ್ರಾಫ್ಟ್ಸ್‌ಮನ್ ಎಂದರೆ ನಕ್ಷೆಕಾರ. ಇಂಜಿನಿಯರ್ ಹೇಳಿದ್ದನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಎಳೆದು ಕೊಡುವವನು. ಮೋರಿ, ಸೇತುವೆ, ಶಾಲೆ ಕೊಠಡಿ, ಓವರ್‌ಹೆಡ್ ಟ್ಯಾಂಕು ಎಂದು ಎಳೆದದ್ದಕ್ಕೆ ಲೆಕ್ಕವಿಲ್ಲ. ಕೊನೆಯ ಹತ್ತು ವರ್ಷದಲ್ಲಿ ಕಂಪ್ಯೂಟರ್ ಬಂದು ನನ್ನ ಕೈಕೆಲಸ ಮೂಲೆಗೆ ಬಿತ್ತು. ಹೊಸದಾಗಿ ಸೇರಿದವರು ಮೌಸ್ ಹಿಡಿದು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸುತ್ತಿದ್ದುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಹಾಗಾಗಿ ಜಿಲ್ಲೆಯ ಒಂದು ಖಾಸಗಿ ಸಂಸ್ಥೆಯವರು ಮನೆ ಹುಡುಕಿಕೊಂಡು ಬಂದು, ಕೈಯಲ್ಲೇ ಬರೆದ ನಕ್ಷೆ ಬೇಕು ಎಂದಾಗ ಸಂಬಳದ ಮಾತು ಬರುವ ಮೊದಲೇ ಒಪ್ಪಿಕೊಂಡುಬಿಟ್ಟೆ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳ ಬೇಸಾಯದ ಮನೆಗಳ ಹಿತ್ತಲು, ಕೊಟ್ಟಿಗೆ, ಕಣ, ಹಗೇವುಗಳನ್ನು ಅಳೆದು ಬರೆದು ಅವುಗಳ ಚರಿತ್ರೆಯನ್ನು ಪುಸ್ತಕ ಮಾಡುವುದು ಅವರ ಯೋಜನೆ. ಅರಮನೆ, ದೇವಸ್ಥಾನಗಳ ನಕ್ಷೆ ಬೇಕಾದಷ್ಟಿವೆ, ರಾಗಿ ಬೆಳೆದವರು ರಾಗಿಯನ್ನು ಎಲ್ಲಿಟ್ಟರು, ಬಚ್ಚಲ ನೀರನ್ನು ಯಾವ ಗಿಡಕ್ಕೆ ತಿರುಗಿಸಿದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ ಎಂದು ಯೋಜನೆ ನೋಡಿಕೊಳ್ಳುತ್ತಿದ್ದ ಮೇಡಂ ಹೇಳಿದರು. ಆ ಮಾತು ನನಗೆ ಹಿಡಿಸಿತು. ಪ್ರತಿ ಮನೆಗೂ ಎರಡು ಹಾಳೆ ಮಾಡಬೇಕೆಂಬುದು ಅವರ ನಿಯಮ. ಮೊದಲನೆಯದು 'ಈಗಿನ ಸ್ಥಿತಿ': ಇವತ್ತು ಅಲ್ಲಿ ಏನಿದೆಯೋ ಅದಷ್ಟೂ. ಎರಡನೆಯದು 'ಮೂಲ ಸ್ಥಿತಿ': ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆದುಹಾಕಿ, ಕಟ್ಟಿದ ಕಾಲದಲ್ಲಿ ಹೇಗಿದ್ದಿರಬಹುದು ಎಂದು ಗೋಡೆಯ ಗುರುತು, ಹಿರಿಯರ ಮಾತು ಹಿಡಿದು ಬರೆಯುವುದು. ಈ ಎರಡನೆಯ ಹಾಳೆಯ ಕೆಳಗೆ 'ಮೂಲ ಸ್ಥಿತಿ, ಊಹೆ' ಎಂದು ಬರೆಯಲೇಬೇಕು ಎಂದು ಮೇಡಂ ಎರಡು ಸಲ ಹೇಳಿದ್ದರು.

ಆ ಎರಡು ತಿಂಗಳು ನನ್ನ ವೃತ್ತಿಯ ಅತ್ಯಂತ ಸುಖದ ದಿನಗಳು. ಅಜ್ಜಂಪುರದ ಕಡೆಯ ಕಪ್ಪು ನೆಲದ ಊರುಗಳಲ್ಲಿ ಹಗೇವು ನೋಡಿದೆ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ; ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು, ರಾಗಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಈಗ ಬಹಳಷ್ಟನ್ನು ಮುಚ್ಚಿ ಮೇಲೆ ಬೈಕು ನಿಲ್ಲಿಸುತ್ತಾರೆ. ಪಂಚನಹಳ್ಳಿ ಕಡೆ, ಬಚ್ಚಲ ನೀರು ಮೊದಲು ಬಾಳೆಗೆ, ಅಲ್ಲಿಂದ ನುಗ್ಗೆಗೆ, ಉಳಿದದ್ದು ದಂಟಿನ ಮಡಿಗೆ ಹೋಗುವಂತೆ ಅಂಗೈ ಅಗಲದ ಕಾಲುವೆ ತೆಗೆದ ಹಿತ್ತಲುಗಳನ್ನು ಅಳೆದೆ. ಇಳಿಜಾರು ಎಷ್ಟೆಂದು ಲೆವೆಲ್ ಇಟ್ಟು ನೋಡಿದರೆ ನಮ್ಮ ಇಲಾಖೆಯ ಎಷ್ಟೋ ಚರಂಡಿಗಳಿಗಿಂತ ಸರಿಯಾಗಿತ್ತು. ಯಾರು ತೆಗೆದದ್ದು ಎಂದು ಕೇಳಿದರೆ ಗಂಡಸರು, ಅದೆಲ್ಲ ಹೆಂಗಸರ ಕೆಲಸ, ನಮಗೇನು ಗೊತ್ತು ಎನ್ನುತ್ತಿದ್ದರು.

ಓಂಕಾರಪ್ಪನ ಪರಿಚಯವಾದದ್ದು ಹೀಗೆ ತಿರುಗುವಾಗಲೇ. ಹಿರೇನಲ್ಲೂರು ಹೋಬಳಿಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಅರವತ್ತರ ಆಸುಪಾಸಿನ, ಹಣೆಯ ಮೇಲೆ ದಪ್ಪ ವಿಭೂತಿಯ, ಮಾತಿನಲ್ಲಿ ಬೆಣ್ಣೆಯಂಥ ಮನುಷ್ಯ. ಮಠದ ಕೆಲಸಗಳಿಗೆ ಮುಂದೆ ನಿಲ್ಲುವವನು, ತೆಂಗು, ರಾಗಿ ಎರಡೂ ಇಟ್ಟುಕೊಂಡ ಅನುಕೂಲಸ್ಥ. ನಾನು ಅವರೂರಿನ ಕಣ ಅಳೆಯುತ್ತಿದ್ದಾಗ ಅವನಾಗಿಯೇ ಬಂದು, ನಮ್ಮ ಮನೆಯನ್ನೂ ಬರೆಯಿರಿ, ನಮ್ಮ ಮುತ್ತಾತ ಕಟ್ಟಿಸಿದ್ದು ಎಂದು ಕರೆದುಕೊಂಡು ಹೋದ. ನನ್ನನ್ನು ಮೊದಲ ದಿನದಿಂದಲೇ 'ಇಂಜಿನಿಯರ್ ಸಾಹೇಬ್ರೇ' ಎಂದ. ನಾನು ಇಂಜಿನಿಯರ್ ಅಲ್ಲ, ನಕ್ಷೆಕಾರ ಎಂದು ತಿದ್ದಬಹುದಿತ್ತು. ಮೂವತ್ತೊಂದು ವರ್ಷ ಇಂಜಿನಿಯರುಗಳ ಮುಂದೆ ಕೈಕಟ್ಟಿ ನಿಂತವನಿಗೆ ಆ ಶಬ್ದ ಕಿವಿಗೆ ಇಂಪಾಗಿತ್ತು, ತಿದ್ದಲಿಲ್ಲ.

ಮನೆ ನಿಜಕ್ಕೂ ಚೆನ್ನಾಗಿತ್ತು. ದಪ್ಪ ಮಣ್ಣಿನ ಗೋಡೆ, ನಾಡ ಹೆಂಚು, ಮನೆಗೆ ಅಂಟಿದಂತೆಯೇ ಒಂದೇ ಮಾಡಿನ ಕೆಳಗೆ ಮೂವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೊಟ್ಟಿಗೆ. ಕೊಟ್ಟಿಗೆಯ ಹದಿನೆಂಟು ಅಡಿಯಲ್ಲಿ ಆರು ಗೋದಲಿಗಳಿದ್ದವು. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಒಂದೊಂದು ಮೂರಡಿ. ಅಲ್ಲಿಗೆ ಒಂದು ಅಡ್ಡಗೋಡೆ. ಅದರಾಚೆಯ ಹನ್ನೆರಡು ಅಡಿಯಲ್ಲಿ ಒಬ್ಬ ಹೆಂಗಸು ವಾಸವಾಗಿದ್ದರು. ಓಂಕಾರಪ್ಪನ ತಂಗಿ ಗೌರಮ್ಮ, ಐವತ್ತೈದು ವರ್ಷದವರು.

ಗೌರಮ್ಮನ ಕಥೆಯನ್ನು ನನಗೆ ಹೇಳಿದ್ದು ಅವರೇ. ಇಪ್ಪತ್ನಾಲ್ಕನೆಯ ವಯಸ್ಸಿಗೆ ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದರು. ಆಗ ಅವರಪ್ಪ ಕೊಟ್ಟಿಗೆಯ ಈ ತುದಿಗೆ ಅಡ್ಡಗೋಡೆ ಹಾಕಿಸಿ, ಹಿತ್ತಲ ಕಡೆಯ ಗೋಡೆ ಒಡೆದು ಬೇರೆ ಬಾಗಿಲು ಇಡಿಸಿ, ಒಳಗೆ ಒಲೆ ಹೂಡಿಸಿದರು. ಒಲೆ ಹಚ್ಚಿದ ದಿನ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು, ಈ ಒಲೆ, ಈ ಬಾಗಿಲು, ಈ ಬಾಗಿಲು ತೆರೆಯೋ ಹಿತ್ತಲು ಗೌರಿಗೆ ಎಂದರಂತೆ. ಆ ಮಾತನ್ನು ನಂಬಿ ಗೌರಮ್ಮ ಹೊಲದ ಪಾಲು ಬೇಡವೆಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಹಿತ್ತಲ ವಿಷಯ ಯಾವ ಪತ್ರದಲ್ಲೂ ಬರಲಿಲ್ಲ. ಆ ಹೋಬಳಿಯಲ್ಲಿ ಇನ್ನೂ ಎರಡು ಮನೆಗಳಲ್ಲಿ ಇದೇ ಪದ್ಧತಿ ನೋಡಿದ್ದೆ: ಮರಳಿ ಬಂದ ಮಗಳಿಗೆ ಹಿಂಬಾಗಿಲು, ಒಲೆ, ಹಿತ್ತಲು. ಬಾಗಿಲೇ ದಾಖಲೆ, ಕಾಗದ ಮಾಡಿದರೆ ಅಣ್ಣತಮ್ಮಂದಿರ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಯಾರೂ ಮಾಡುತ್ತಿರಲಿಲ್ಲ. ಇದನ್ನು ನಾನು ಬಹಳ ಆಸಕ್ತಿಯಿಂದ ಟಿಪ್ಪಣಿ ಮಾಡಿಕೊಂಡೆ.

ಮೂವತ್ತೊಂದು ವರ್ಷ ಗೌರಮ್ಮ ಬದುಕಿದ್ದು ಆ ಹಿತ್ತಲಿನಿಂದಲೇ. ಐವತ್ತೆರಡು ಅಡಿಗೆ ನಲವತ್ತು ಅಡಿ. ಸೊಪ್ಪು, ಚಪ್ಪರದವರೆ, ಹೀರೆ, ಬದನೆ, ಬೇಲಿಗುಂಟ ಕನಕಾಂಬರ. ಅವರು ಬಂದ ವರ್ಷ ನೆಟ್ಟ ನಿಂಬೆ, ಆಮೇಲಿನ ಎರಡು ಸೀಬೆ, ಒಂದು ಕರಿಬೇವು ಮರದಷ್ಟು ಎತ್ತರ. ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಡೂರಿಗೆ ಹೋಗಿ ಮಾರಿ ಬರುತ್ತಿದ್ದರು. ಅಣ್ಣನ ಮನೆಯಲ್ಲಿ ಒಂದು ಹೊತ್ತು ಉಂಡವರಲ್ಲ ಎಂದು ಊರವರೇ ಹೇಳುತ್ತಿದ್ದರು.

ಮೂರು ದಿನ ಅಳತೆ ತೆಗೆದೆ. ಟೇಪಿನ ಇನ್ನೊಂದು ತುದಿ ಹಿಡಿದವರು ಗೌರಮ್ಮನೇ. ಒಲೆಯನ್ನೂ ಅಳೆದು ಫೀಲ್ಡ್ ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ: ಜೋಡಿ ಒಲೆ, ಮೂರೂಕಾಲು ಅಡಿ, ಹೊಗೆ ಹೋಗಲು ಮೇಲೆ ಗವಾಕ್ಷಿ. ಅದೇ ಒಲೆಯ ಮೇಲೆ ಅವರು ಕಾಯಿಸಿಕೊಟ್ಟ ಬೆಲ್ಲದ ಕಾಫಿಯನ್ನು ದಿನಕ್ಕೆರಡು ಸಲ ಕುಡಿದೆ. ಹಿತ್ತಲಿನ ಮೂಲ ಸ್ಥಿತಿಗಾಗಿ, ಅವರ ಅಜ್ಜಿಯ ಕಾಲದಲ್ಲಿ ಏನೇನು ಎಲ್ಲೆಲ್ಲಿತ್ತು ಎಂದು ಕೇಳಿದೆ. ಅವರು ನಡೆದು ತೋರಿಸಿದರು. ಇಲ್ಲಿ ತಿಪ್ಪೆ, ಇಲ್ಲಿ ಬಣವೆ, ಇಲ್ಲಿ ದನಕ್ಕೆ ಅಗಸೆ ಮರ, ಬಾವಿಯ ಹತ್ತಿರ ನುಗ್ಗೆ ಒಂದೇ ಎಂದು ಸಣ್ಣ ಹುಡುಗಿಯ ಉತ್ಸಾಹದಲ್ಲಿ ಹೇಳುತ್ತಾ ಹೋದರು. ನಾನು ಗುರುತು ಹಾಕುತ್ತಾ ಹೋದೆ.

ಒಂದು ಕಡೆ ಮಾತ್ರ ನಮಗೆ ಹೊಂದಲಿಲ್ಲ. ಕೊಟ್ಟಿಗೆಯ ಕಂಬಗಳ ನಡುವಿನ ಅಂತರ ನೋಡಿದರೆ ಅವರ ಕೋಣೆಯಿರುವ ತುದಿಯಲ್ಲೂ ಇನ್ನು ನಾಲ್ಕು ಗೋದಲಿ ಇದ್ದಿರಬೇಕು ಎಂದು ನನ್ನ ಲೆಕ್ಕ. ಗೌರಮ್ಮ ಒಪ್ಪಲಿಲ್ಲ.

"ಈ ತುದೀಲಿ ದನ ಕಟ್ತಿರ್ಲಿಲ್ಲ ಸಾರ್. ಹೊಟ್ಟು ತುಂಬ್ತಿದ್ರು, ನೇಗ್ಲು ನೊಗ ಇಡ್ತಿದ್ರು. ನಾನೇ ಹೊಟ್ಟಿನ್ ಮೇಲೆ ಹಾರಿ ಆಡಿದೀನಲ್ಲ."

ನಾನು ನಕ್ಕು, ಅದು ಅದಕ್ಕೂ ಹಿಂದಿನ ಮಾತು ಎಂದೆ. ಕಂಬಗಳ ಲೆಕ್ಕ ಸುಳ್ಳು ಹೇಳುವುದಿಲ್ಲ ಎಂಬ ಹಮ್ಮು ನನಗೆ. ನಾಲ್ಕು ಗೋದಲಿ ಸೇರಿಸಿಯೇ ಬರೆದೆ. ಕೊನೆಯ ಗೋಡೆ ಸ್ವಲ್ಪ ಒಳಗೆ ಉಬ್ಬಿದ್ದರಿಂದ ಹತ್ತನೆಯ ಗೋದಲಿಗೆ ಮೂರಡಿ ಸಿಗಲಿಲ್ಲ. ಎರಡು ಅಡಿ ಒಂಬತ್ತು ಅಂಗುಲ ಎಂದು ನಮೂದಿಸಿದೆ. ಊಹೆಯನ್ನೂ ಅಂಗುಲದವರೆಗೆ ಬರೆಯುವುದು ನಮ್ಮ ಕಸುಬಿನ ಚಟ.

ಮೂಲ ಸ್ಥಿತಿಯ ಹಾಳೆಯನ್ನು ಇಂಕಿನಲ್ಲಿ ಮುಗಿಸಿದಾಗ ನನಗೇ ಕಣ್ಣು ತುಂಬಿತು. ಅಡ್ಡಗೋಡೆ ಇಲ್ಲ, ಹಿಂಬಾಗಿಲು ಇಲ್ಲ, ಒಲೆ ಇಲ್ಲ. ಅವೆಲ್ಲ ಆಮೇಲೆ ಸೇರಿಸಿದ್ದು. ಸಾಲಾಗಿ ಹತ್ತು ಗೋದಲಿ, ಹಿಂದೆ ಅಜ್ಜಿಯ ಕಾಲದ ಹಿತ್ತಲು. ಈಗಿನ ಸ್ಥಿತಿಯ ಹಾಳೆ ಪೆನ್ಸಿಲಿನಲ್ಲೇ ಇತ್ತು, ಇಂಕು ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಅದು ನನಗೆ ಅಷ್ಟು ಚೆಂದ ಕಾಣುತ್ತಿರಲಿಲ್ಲ.

ಓಂಕಾರಪ್ಪ ಕಡೂರಿನ ನಮ್ಮ ಮನೆಗೇ ಬಂದು ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ಒಂದು ಪ್ರತಿ ಬೇಕು, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತೇನೆ ಎಂದ. ನನ್ನ ಕೈಬರಹ ಒಬ್ಬರ ನಡುಮನೆಯಲ್ಲಿ ತೂಗುತ್ತದೆ ಎಂದರೆ ನಾನು ಉಬ್ಬಿಹೋಗದೆ ಇರುತ್ತೇನೆಯೇ. ಮಾರನೆಯ ವಾರ ಅವನಿಗೆಂದೇ ಇನ್ನೊಂದು ಪ್ರತಿ ಕೈಯಲ್ಲೇ ಎಳೆದೆ. ಕೆಳಗೆ 'ಮೂಲ ಸ್ಥಿತಿ, ಊಹೆ' ಎಂದು ಬರೆಯಹೋದಾಗ, ಅದನ್ನು ಒಯ್ಯಲು ಬಂದು ಪಕ್ಕದಲ್ಲಿ ಕೂತಿದ್ದವನು ತಡೆದ.

"ಅದೊಂದ್ ಬ್ಯಾಡ ಸಾಹೇಬ್ರೇ. ಗೋಡೆಗೆ ಹಾಕೋದ್ರಲ್ಲಿ ಊಹೆ ಅಂತ ಬರೆದ್ರೆ ನಮ್ ಮನೇನೇ ಊಹೆ ಅಂದಂಗಾಯ್ತದೆ. ಮನೆ ನಕ್ಷೆ ಅಂತ ಹಾಕಿ, ನಿಮ್ ಸಹಿ ಮಾಡಿ, ಸಾಕು."

ಇಬ್ಬರೂ ನಕ್ಕೆವು. 'ಮನೆಯ ನಕ್ಷೆ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಸಾಲದ್ದಕ್ಕೆ, ನಿವೃತ್ತನಾದ ಮೇಲೆ ಆಸೆಪಟ್ಟು ಮಾಡಿಸಿಕೊಂಡಿದ್ದ ಒಂದು ರಬ್ಬರ್ ಸ್ಟ್ಯಾಂಪು ಇತ್ತು. ನನ್ನ ಹೆಸರು, ಕೆಳಗೆ ಹಳೆಯ ಹುದ್ದೆ. ಇನ್ನು ಯಾವ ಕಾಗದಕ್ಕೆ ಒತ್ತುತ್ತೀರಿ ಅದನ್ನ ಎಂದು ನನ್ನ ಹೆಂಡತಿ ಆಡಿಕೊಂಡು ನಗುತ್ತಿದ್ದಳು. ಅವಳಿಗೆ ಕೇಳಿಸುವಂತೆ ಟಪ್ಪೆಂದು ಒತ್ತಿದೆ.

ಕೆಲವೇ ದಿನಕ್ಕೆ ಕೊರೋನಾದ ಎರಡನೆಯ ಅಲೆ ಬಂತು, ಯೋಜನೆ ನಿಂತಿತು. ಮೇಡಂ ಬೇರೆ ಊರಿಗೆ ಹೋದರು. ಪುಸ್ತಕ ಹೊರಬರಲೇ ಇಲ್ಲ. ಇಂಕಿನವು, ಪೆನ್ಸಿಲಿನವು ಎನ್ನದೆ ನನ್ನ ಹಾಳೆಗಳೆಲ್ಲ ಸಂಸ್ಥೆಯ ಯಾವುದೋ ಪೆಟ್ಟಿಗೆ ಸೇರಿದವು.

ಮುಂದಿನ ವರ್ಷ ಆ ಊರಿನ ಮನೆಗಳ ಅಳತೆಗೆ ಡ್ರೋನ್ ಬಂತು. ಹೊಲಗಳಿಗೆ ಪಹಣಿ ಇದ್ದಂತೆ ಊರೊಳಗಿನ ಮನೆ ನಿವೇಶನಗಳಿಗೂ ಪ್ರಾಪರ್ಟಿ ಕಾರ್ಡ್, ಅಂದರೆ ಹಕ್ಕಿನ ದಾಖಲೆ ಕೊಡುವ ಕೆಲಸ ಅದು. ಡ್ರೋನ್ ಮೇಲಿಂದ ಮಾಡನ್ನಷ್ಟೇ ನೋಡುತ್ತದೆ, ಬಾಗಿಲು ಒಲೆ ಅದಕ್ಕೆ ಕಾಣುವುದಿಲ್ಲ. ಓಂಕಾರಪ್ಪನ ಮನೆ, ಕೊಟ್ಟಿಗೆ, ಹಿತ್ತಲು ಎಲ್ಲ ಸೇರಿ ಒಂದೇ ಸ್ವತ್ತು ಎಂದು ಗುರುತಾಯಿತು. ಗೌರಮ್ಮನಿಗೆ ಇದು ಗೊತ್ತಾಗಿ ತಕರಾರು ಅರ್ಜಿ ಕೊಟ್ಟರು: ಕೊಟ್ಟಿಗೆಯ ತುದಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೇರೆ ಸಂಸಾರ ಮಾಡಿಕೊಂಡಿದ್ದೇನೆ, ಹಿತ್ತಲು ನನ್ನ ಸ್ವಾಧೀನದಲ್ಲಿದೆ, ಅಷ್ಟನ್ನು ನನ್ನ ಹೆಸರಿಗೆ ಮಾಡಿ ಎಂದು. ಅವರ ಕೈಯಲ್ಲಿ ಕಾಗದವೇನೂ ಇರಲಿಲ್ಲ. ರೇಷನ್ ಕಾರ್ಡು, ಕರೆಂಟು ಎಲ್ಲ ಅಣ್ಣನ ಮನೆ ನಂಬರಿನಲ್ಲೇ. ಇದ್ದ ಸಾಕ್ಷಿ ಎಂದರೆ ಆ ಬಾಗಿಲು, ಆ ಒಲೆ, ತಾವು ನೆಟ್ಟ ಮರಗಳು. ಹಿತ್ತಲ ಹಿಂದೆ ಅಷ್ಟರಲ್ಲಿ ಡಾಂಬರು ರಸ್ತೆ ಬಂದಿತ್ತು. ಓಂಕಾರಪ್ಪನಿಗೆ ಅಲ್ಲಿ ಗೊಬ್ಬರದ ಅಂಗಡಿ, ಗೋಡೌನು ಕಟ್ಟಿಸುವ ಯೋಚನೆ ಇತ್ತು.

ಈ ಯಾವುದೂ ನನಗೆ ಗೊತ್ತಿರಲಿಲ್ಲ. ೨೦೨೨ರ ನವೆಂಬರಿನಲ್ಲಿ ಗೌರಮ್ಮನ ಫೋನು ಬಂತು. ತಮ್ಮ ಕಿರಿಯ ತಂಗಿಯ ಮಗಳ ಬಾಣಂತನಕ್ಕೆಂದು ಎರಡು ತಿಂಗಳು ತರೀಕೆರೆಗೆ ಹೋಗಿದ್ದರಂತೆ. ಹಿಂದಿನ ದಿನ ಊರಿಗೆ ಬಂದಿದ್ದಾರೆ. ನಾಳೆ ಸ್ಥಳ ತನಿಖೆಗೆ ಅಧಿಕಾರಿ ಬರುತ್ತಾರೆ, ನೀವು ಅಳತೆ ಮಾಡಿದವರು, ಒಂದು ಸಲ ಬನ್ನಿ ಎಂದರು. ಬೇರೇನೂ ಹೇಳಲಿಲ್ಲ. ಸರಿ, ನನ್ನ ಸಾಕ್ಷಿ ಬೇಕಾಗಿದೆ ಎಂದು ಫೀಲ್ಡ್ ಬುಕ್ ಹುಡುಕಿ ಚೀಲಕ್ಕೆ ಹಾಕಿಕೊಂಡು, ಕೊಂಚ ಗತ್ತಿನಲ್ಲೇ ಬೆಳಗಿನ ಬಸ್ಸು ಹತ್ತಿದೆ.

ಹಿತ್ತಲಿಗೆ ಕಾಲಿಟ್ಟೆ. ನಿಂಬೆ ಇರಲಿಲ್ಲ. ಸೀಬೆ ಎರಡೂ ಇರಲಿಲ್ಲ. ಕರಿಬೇವು, ಕನಕಾಂಬರ, ಚಪ್ಪರ ಯಾವುದೂ ಇಲ್ಲ. ಬೇರು ಸಮೇತ ತೆಗೆದು ನೆಲ ಹೆರೆದಿದ್ದರು. ಬಾವಿಯ ಹತ್ತಿರದ ನುಗ್ಗೆ ಒಂದನ್ನೇ ಬಿಟ್ಟಿದ್ದರು. ಒಂದು ಮೂಲೆಯಲ್ಲಿ ತಿಪ್ಪೆ, ಅದರಾಚೆ ಹೊಸದಾಗಿ ಒಟ್ಟಿದ ಬಣವೆ. ಗೌರಮ್ಮನ ಬಾಗಿಲಿದ್ದ ಜಾಗದಲ್ಲಿ ಗೋಡೆ. ಮಣ್ಣು ಮೆತ್ತಿ, ಸಗಣಿ ಸಾರಿಸಿ, ಹಳೆಯ ಗೋಡೆಗೆ ಹೊಂದಿಸಿದ್ದರು. ನಾನು ಮೊದಲು ನಂಬಲಿಲ್ಲ. ಆಮೇಲೆ ಆ ತಿಪ್ಪೆ, ಆ ಬಣವೆ, ಆ ಒಂಟಿ ನುಗ್ಗೆ ಇವೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತು. ನಾನೇ ಬರೆದ ಹಾಳೆಯೊಳಗೆ ನಿಂತಿದ್ದೆ. ನಕ್ಷೆಯಲ್ಲಿ ಇಲ್ಲದ್ದನ್ನು ಕಿತ್ತುಹಾಕಿ, ಇದ್ದದ್ದನ್ನು ತಂದಿಟ್ಟಿದ್ದ ಓಂಕಾರಪ್ಪ.

ಕೊಟ್ಟಿಗೆಯೊಳಗೆ ಹೋದೆ. ಅಡ್ಡಗೋಡೆ ಮಾಯ. ಒಲೆ ಇದ್ದಲ್ಲಿ ನೆಲ ಸಪಾಟು. ಸಾಲಾಗಿ ಹತ್ತು ಗೋದಲಿ, ಹತ್ತಕ್ಕೂ ಹುಲ್ಲು, ಎಲ್ಲಿಂದಲೋ ಎರವಲು ತಂದ ನಾಲ್ಕು ದನ ಆ ತುದಿಯಲ್ಲಿ ಮೇಯುತ್ತಿದ್ದವು. ಅಧಿಕಾರಿ ಕಿರಿಯರು, ಮರ್ಯಾದಸ್ಥರು. ಕೈಯಲ್ಲಿ ಕಟ್ಟು ಹಾಕಿಸಿದ ನನ್ನ ನಕ್ಷೆ ಹಿಡಿದು ಒಂದೊಂದನ್ನೇ ತಾಳೆ ನೋಡುತ್ತಿದ್ದರು. ಕಳೆದ ವರ್ಷವೇ ಇಂಜಿನಿಯರ್ ಒಬ್ಬರು ಸಹಿ, ಮೊಹರು ಹಾಕಿ ಕೊಟ್ಟದ್ದು, ಅಲ್ಲಿ ವಾಸದ ಕೋಣೆಯೇ ಇಲ್ಲ ಎಂಬುದು ಓಂಕಾರಪ್ಪನ ವಾದ. ತಂಗಿಯನ್ನು ಮೊದಲಿಂದಲೂ ನಡುಮನೆಯಲ್ಲೇ ಇಟ್ಟುಕೊಂಡು ಅನ್ನ ಹಾಕಿದ್ದೇನೆ ಎಂದೂ ಬರೆದುಕೊಟ್ಟಿದ್ದ. ನನ್ನನ್ನು ನೋಡಿ ಕೈಮುಗಿದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ನಾನು ಚೀಲದಿಂದ ಟೇಪು ತೆಗೆದು, ಯಾರನ್ನೂ ಕೇಳದೆ ಹತ್ತನೆಯ ಗೋದಲಿ ಅಳೆದೆ. ಎರಡು ಅಡಿ ಒಂಬತ್ತು ಅಂಗುಲ. ಎಂದೂ ಇಲ್ಲದ, ನನ್ನ ತಲೆಯಲ್ಲಿ ಮಾತ್ರ ಹುಟ್ಟಿದ ಗೋದಲಿಯನ್ನು ಮೇಸ್ತ್ರಿ ನನ್ನ ಅಂಗುಲಕ್ಕೆ ಸರಿಯಾಗಿ ಕಟ್ಟಿದ್ದ. ಗೋಡೆಯ ಉಬ್ಬನ್ನು ಕೆತ್ತಿ ತೆಗೆದಿದ್ದರಿಂದ ಅದರ ಪಕ್ಕದಲ್ಲಿ ಮೂರು ಅಂಗುಲ ಖಾಲಿ ಉಳಿದಿತ್ತು. ಆದರೂ ಮೂರಡಿ ಮಾಡುವ ಧೈರ್ಯ ಮಾಡಿರಲಿಲ್ಲ, ನಕ್ಷೆಯಂತೆ ಇರಬೇಕಲ್ಲ.

ಅಧಿಕಾರಿಗೆ ಎಲ್ಲವನ್ನೂ ವಿವರಿಸಿದೆ. ಇದು ಮೂಲ ಸ್ಥಿತಿಯ ಹಾಳೆ, ಇದರಲ್ಲಿ ಆಮೇಲಿನದನ್ನು ಬಿಟ್ಟು ಬರೆಯುವುದು ಪದ್ಧತಿ, ಈ ನಾಲ್ಕು ಗೋದಲಿ ನನ್ನ ಊಹೆ, ಇವನ್ನು ನನ್ನ ನಕ್ಷೆ ನೋಡಿಕೊಂಡು ಈಚೆಗೆ ಕಟ್ಟಿದ್ದಾರೆ ಎಂದೆ. ಅವರು ಸಹನೆಯಿಂದ ಕೇಳಿದರು. ನಕ್ಷೆಯ ಕೆಳಗೆ ಬೆರಳಿಟ್ಟು, ಊಹೆ ಎಂದು ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ದಿನಾಂಕ ಇತ್ತು, ಸಹಿ ಇತ್ತು, ಸ್ಟ್ಯಾಂಪು ಇತ್ತು.

"ನೀವು ಬರೆದ ಹಾಗೇ ಇದೆಯಲ್ಲ ಸಾರ್, ಏನು ತಪ್ಪು?" ಎಂದರು.

"ಅದೇ ತಪ್ಪು. ನಾನು ಬರೆದ ಹಾಗೆ ಇರಬಾರದು."

"ಹಾಗಾದ್ರೆ, ಇಲ್ಲದ್ದನ್ನ ಇದೆ ಅಂತ ಬರೆದು ಸಹಿ ಹಾಕಿದೀರಾ?"

ಫೀಲ್ಡ್ ಬುಕ್ ತೆಗೆದು ಒಲೆಯ ಅಳತೆ ತೋರಿಸಿದೆ. ಪೆನ್ಸಿಲಿನದು ಯಾವಾಗ ಬರೆದದ್ದೆಂದು ಹೇಗೆ ನಂಬುವುದು, ಎರಡೂ ನಿಮ್ಮದೇ ಕೈಬರಹ, ಯಾವುದು ನಿಜ ಎಂದು ಕೇಳಿದರು. ಅವರದು ತಪ್ಪೆಂದು ನಾನು ಹೇಳಲಾರೆ. ನಾನೇ ಅವರ ಜಾಗದಲ್ಲಿದ್ದರೆ ಇಂಕನ್ನೇ ನಂಬುತ್ತಿದ್ದೆ. ಸುತ್ತ ನಿಂತಿದ್ದ ಊರವರನ್ನು ಕೇಳಿದರೆ, ಅಣ್ಣ ತಂಗಿ ವಿಷಯದಲ್ಲಿ ನಾವ್ಯಾಕೆ ಎಂದು ನೆಲ ನೋಡಿದರು. ಆ ಒಲೆಯ ಹೊಗೆಯನ್ನು ದಿನಾ ಬೆಳಿಗ್ಗೆ ಕಂಡವರು ಅವರು.

ಗೌರಮ್ಮ ಅಷ್ಟು ಹೊತ್ತೂ ಮೆತ್ತಿದ ಗೋಡೆಯ ಹತ್ತಿರ ನಿಂತಿದ್ದರು. ಅಧಿಕಾರಿ ಅವರನ್ನು ಕರೆದು, ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಗೋಡೆಯ ಮೇಲೆ ಅಂಗೈ ಇಟ್ಟು, "ಇಲ್ಲಿ ನನ್ ಬಾಗ್ಲಿತ್ತು" ಎಂದರು. ಅಷ್ಟೇ. ಮಹಜರಿನಲ್ಲಿ ಆ ಮಾತನ್ನು, ನನ್ನ ಹೇಳಿಕೆಯನ್ನು, ಪೆನ್ಸಿಲ್ ಟಿಪ್ಪಣಿಯನ್ನು ಬರೆದುಕೊಂಡರು. ಮೂರು ತಿಂಗಳಿಗೆ ಆದೇಶ ಬಂತು. ಸ್ವತ್ತು ಇಡಿಯಾಗಿ ಓಂಕಾರಪ್ಪನ ಹೆಸರಿಗೆ; ಒಪ್ಪದವರು ಸಿವಿಲ್ ಕೋರ್ಟಿಗೆ ಹೋಗಬಹುದು.

ತನಿಖೆ ಮುಗಿದ ದಿನವೇ ಬಸ್ ಸ್ಟಾಪಿನ ಹತ್ತಿರ ಓಂಕಾರಪ್ಪನನ್ನು ಹಿಡಿದು ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಜೀವನದಲ್ಲಿ ಯಾರಿಗೂ ಅಷ್ಟು ಬೈದವನಲ್ಲ. ಅವನು ಸಿಟ್ಟಾಗಲಿ ಎಂದು ನನಗೆ ಆಸೆಯಿತ್ತು, ಆಗಲಿಲ್ಲ. ನೀವು ಬರೆದಿದ್ದಕ್ಕಿಂತ ಒಂದು ಅಂಗುಲ ಹೆಚ್ಚುಕಮ್ಮಿ ಮಾಡಿದ್ದರೆ ಹೇಳಿ ಎಂದ. ಅದೇ ಬೆಣ್ಣೆಯಂಥ ದನಿ. ನನ್ನನ್ನು ಸಾಹೇಬ್ರೇ ಎಂದು ಅಟ್ಟಕ್ಕೇರಿಸಿದ್ದು, ಪಕ್ಕದಲ್ಲಿ ಕೂತು ನಕ್ಕದ್ದು, ಎಲ್ಲ ಲೆಕ್ಕಾಚಾರವೇ ಎಂದು ಅವತ್ತು ಅರ್ಥವಾಯಿತು. ಮೋಸ ಹೋದವನಿಗೆ ಮೋಸಕ್ಕಿಂತ ಹೆಚ್ಚು ಉರಿಯುವುದು, ತಾನು ಆಗ ಎಷ್ಟು ಸಂತೋಷವಾಗಿದ್ದೆ ಎಂಬ ನೆನಪು. ಆ ಉರಿ ನನಗೆ ಇನ್ನೂ ಆರಿಲ್ಲ.

ಸಂಸ್ಥೆಗೆ ಓಡಾಡಿದೆ. ಹೊಸಬರು ಪೆಟ್ಟಿಗೆಗಳನ್ನೆಲ್ಲ ತೆಗೆಸಿ ನೋಡಿದರು. ಈಗಿನ ಸ್ಥಿತಿಯ ಹಾಳೆಯೂ ಸಿಗಲಿಲ್ಲ, ಕೆಳಗೆ 'ಊಹೆ' ಎಂದು ಬರೆದಿದ್ದ ಮೂಲ ಸ್ಥಿತಿಯ ಹಾಳೆಯೂ ಸಿಗಲಿಲ್ಲ. ಫೀಲ್ಡ್ ಬುಕ್ ಹಿಡಿದು ಅದನ್ನು ಮತ್ತೆ ಬರೆದೆ, ಈ ಸಲ ಇಂಕಿನಲ್ಲಿ. ಅಡ್ಡಗೋಡೆ, ಬಾಗಿಲು, ಒಲೆ, ನಿಂಬೆ, ಸೀಬೆ, ಕನಕಾಂಬರದ ಸಾಲು. ಆ ಹೊತ್ತಿಗೆ ಇದೂ ನೆನಪಿನ ನಕ್ಷೆಯೇ ಆಗಿತ್ತು. ಪರಿಚಯದ ವಕೀಲರಿಗೆ ತೋರಿಸಿದರೆ ಇದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು.

ಆಮೇಲೆ ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿದೆ. ಕಿರಿಯ ನಕ್ಷೆಕಾರರಿಗಂತೂ ಪಾಠವನ್ನೇ ಮಾಡಿದೆ: ಶೀರ್ಷಿಕೆ ಬರೆಯದೆ ಹಾಳೆ ಕೈಬಿಡಬೇಡಿ, ಊಹೆಯನ್ನು ಊಹೆ ಎಂದೇ ಬರೆಯಿರಿ, ಹೊಗಳುವವರ ಎದುರಿಗೆ ಸಹಿ ಮಾಡಬೇಡಿ. ಎಲ್ಲ ಸರಿಯಾದ ಮಾತೇ. ಕೇಳಿದವರು ಓಂಕಾರಪ್ಪನಿಗೆ ಶಾಪ ಹಾಕುತ್ತಿದ್ದರು, ಪಾಪ ನಿಮಗೆ ಹೀಗೆ ಮಾಡಿದನಲ್ಲ ಎನ್ನುತ್ತಿದ್ದರು. ನನಗೆ ಅದರಿಂದ ಒಂದಿಷ್ಟು ಸಮಾಧಾನವೂ ಆಗುತ್ತಿತ್ತು.

೨೦೨೪ರಲ್ಲಿ ಒಂದು ಮದುವೆಗೆಂದು ತರೀಕೆರೆಗೆ ಹೋದವನು ಗೌರಮ್ಮನ ವಿಳಾಸ ಹುಡುಕಿಕೊಂಡು ಹೋದೆ. ತಂಗಿಯ ಮಗಳ ಮನೆ, ಬಾಡಿಗೆಯದು, ಸುತ್ತ ಸಿಮೆಂಟು. ಕೂರಿಸಿ ನೀರು ಕೊಟ್ಟರು. ಕೋರ್ಟಿಗೆ ಹೋಗಿ, ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಅಲ್ಲೀಗ ಗೋಡೌನಿನ ಪಿಲ್ಲರ್ ಎದ್ದಿವೆಯಂತೆ, ಇನ್ನು ಗೆದ್ದು ಯಾವ ಮಡಿಗೆ ನೀರು ಬಿಡಲಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿಮ್ಮಣ್ಣ ನಮ್ಮಿಬ್ಬರಿಗೂ ಮೋಸ ಮಾಡಿದ, ನನ್ನ ಕೈಯಿಂದಲೇ ಮಾಡಿಸಿದ, ಆ ನೋವು ನನ್ನನ್ನು ಬಿಟ್ಟಿಲ್ಲ ಎಂದು ಹೇಳುತ್ತಾ ಹೋದೆ. ಅವರು ಮುಗಿಯುವವರೆಗೂ ಕೇಳಿದರು.

"ಅವ್ನು ನಮ್ಮಣ್ಣ ಸಾರ್. ಅವನ ಬುದ್ಧಿ ಚಿಕ್ಕಂದಿಂದ್ಲೂ ನಂಗೆ ಗೊತ್ತು, ಅದ್ರಲ್ಲಿ ನಂಗೆ ಹೊಸದೇನಿಲ್ಲ. ನೀವು ಟೇಪ್ ಹಿಡ್ಕೊಂಡು ಬಂದಾಗ, ಸದ್ಯ, ಹೊರಗಿನೋರು ಒಬ್ರು ನನ್ ಒಲೆ ಬರ್ಕೊಂಡ್ರಲ್ಲ, ಇನ್ನು ಭಯ ಇಲ್ಲ ಅಂದ್ಕೊಂಡಿದ್ದೆ."

ಮೂರು ದಿನ ಅವರು ಟೇಪಿನ ತುದಿ ಹಿಡಿದು ನಿಂತದ್ದು ಪುಸ್ತಕಕ್ಕಾಗಿ ಅಲ್ಲ ಎಂಬುದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ನಾನು ಹಳೆಯದನ್ನು ಹುಡುಕಿಕೊಂಡು ಹೋಗಿದ್ದೆ, ಅವರು ತಮಗೊಬ್ಬ ಸಾಕ್ಷಿ ಸಿಕ್ಕಿದ ಎಂದು ತಿಳಿದಿದ್ದರು. ಮನೆ ಅಳೆಯಲು ಹೋದವನು ಆ ಮನೆಯಲ್ಲಿ ಈಗ ಇರುವವರಿಗೆ ಸಾಕ್ಷಿಯಾಗಿರುತ್ತಾನೆ, ಬರೆದರೂ, ಬಿಟ್ಟರೂ. ಮೂವತ್ತೊಂದು ವರ್ಷದ ನೌಕರಿ ಕಲಿಸದ ಈ ಪಾಠವನ್ನು ಕಲಿಸಿದ್ದು ಗೌರಮ್ಮ, ಅದಕ್ಕೆ ಅವರು ತೆತ್ತದ್ದು ತಮ್ಮ ಮನೆಯನ್ನು.